ವಲಸೆಯ ಕಾಯಿದೆಗಳಲ್ಲಿ ವಿದ್ಯೆಯ ಬೆಲೆ: ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಗಳ ನೆಲೆಯಿಂದ ಒಂದು ವಿಮರ್ಶೆ

೧

ಕನ್ನಡದಲ್ಲಿ ‘ಶಾಸನ’ವೆಂಬ ಒಂದೇ ಮಾತು ಕಲ್ಲಿನ ಮೇಲಣ ಬರಹಕ್ಕೂ ಶಾಸನಸಭೆ ವಿಧಿಸಿದ ಕಾನೂನಿಗೂ ಸಲ್ಲುತ್ತದೆ. ಮೊದಲನೆಯದನ್ನು ಓದುವ ಕ್ರಮವನ್ನು ಇತಿಹಾಸದ ವಿದ್ಯಾರ್ಥಿಗಳು ತರಗತಿಯಲ್ಲಿ ಕಲಿಯುತ್ತಾರೆ. ದಾನಶಾಸನವೊಂದು ದೊರೆತಿತೆಂದರೆ, ಕೊಟ್ಟವರು ಯಾರು, ಆ ದ್ರವ್ಯ ಯಾರ ಕೈಯಿಂದ ಬಂದುದು, ಪಡೆದವರು ಯಾರು, ದತ್ತಿಯ ಚತುಸ್ಸೀಮೆ ಎಲ್ಲಿಂದ ಎಲ್ಲಿಯವರೆಗೆ, ತಪ್ಪಿ ನಡೆದವನಿಗೆ ಶಾಪವೇನು ಎಂದು ಒಂದೊಂದಾಗಿ ಕೇಳುತ್ತೇವೆ. ಎರಡನೆಯ ಬಗೆಯ ಶಾಸನವನ್ನು ಮಾತ್ರ ವಕೀಲರಿಗೆ ಬಿಟ್ಟುಕೊಟ್ಟು ಸುಮ್ಮನಾಗುತ್ತೇವೆ. ಇದು ಸರಿಯಲ್ಲವೆಂದು ನನ್ನ ಎಣಿಕೆ. ಕುಶಲ ಕೆಲಸಗಾರರ ವಲಸೆಯನ್ನು ಕುರಿತ ಕೆಲವು ಕಾಯಿದೆಗಳನ್ನೂ ಅವುಗಳೊಡನೆ ಹೆಣೆದುಕೊಂಡಿರುವ ತಾಂತ್ರಿಕ ವಿದ್ಯೆಯ ಹಣಕಾಸಿನ ಏರ್ಪಾಟನ್ನೂ ದಾನಶಾಸನವನ್ನು ಓದುವ ಕಣ್ಣಿನಿಂದ ಓದಿ ನೋಡುವುದು ಪ್ರಕೃತ ಲೇಖನದ ಉದ್ದೇಶ.

ಓದುವ ನೆಲೆ ಯಾವುದೆಂಬುದನ್ನೂ ಮೊದಲೇ ಹೇಳಿಬಿಡುವುದು ಒಳ್ಳೆಯದು. ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆ, ಇವು ಮೂರೂ ಒಂದು ಹಳೆಯ ದಾರಿಯ ಮೇಲಿರುವ ಪೇಟೆಗಳು. ೧೮೦೧ರಲ್ಲಿ ಫ್ರಾನ್ಸಿಸ್ ಬುಕಾನನ್ ಕಂಪೆನಿ ಸರಕಾರದ ಅಪ್ಪಣೆಯಂತೆ ಸಂಚರಿಸುತ್ತ ಬಂಟ್ವಾಳದಿಂದ ಬೆಳ್ತಂಗಡಿಗೆ, ಅಲ್ಲಿಂದ ವೇಣೂರಿನ ಮಾರ್ಗವಾಗಿ ಮೂಡಬಿದಿರೆಗೆ ಸಾಗಿ, ಕಂಡ ಬೆಳೆ, ಗೇಣಿ, ಕಸುಬುಗಳನ್ನೆಲ್ಲ ಬರೆದಿಟ್ಟನು. ಇಂದು ಅದೇ ದಾರಿಯಲ್ಲಿ ಹೋಗುವವನಿಗೆ ಬುಕಾನನ್ ಕಾಣದಿದ್ದ ಎರಡು ವಸ್ತುಗಳು ಕಣ್ಣಿಗೆ ಬೀಳುತ್ತವೆ: ಗುಡ್ಡದ ಮೇಲಿನ ಇಂಜಿನಿಯರಿಂಗ್ ಕಾಲೇಜುಗಳು, ಮತ್ತು ಹೊರದೇಶದ ಸಂಪಾದನೆಯಿಂದ ಎದ್ದ ಮನೆಗಳು. ಒಂದೇ ಮನೆಯ ಅಣ್ಣ ಕೊಲ್ಲಿರಾಜ್ಯಕ್ಕೆ ವಿದ್ಯುತ್ ಕೆಲಸಕ್ಕೆಂದು, ತಮ್ಮ ಅಮೆರಿಕಕ್ಕೆ ಗಣಕಯಂತ್ರದ ಕೆಲಸಕ್ಕೆಂದು ಹೋದ ಸಂಸಾರಗಳನ್ನು ಈ ಮೂರು ತಾಲ್ಲೂಕುಗಳಲ್ಲಿ ಹುಡುಕುವುದು ಕಷ್ಟವಲ್ಲ. ಅಣ್ಣನೂ ತಮ್ಮನೂ ತಮ್ಮ ತಮ್ಮ ಕೆಲಸದಲ್ಲಿ ನುರಿತವರೇ. ಆದರೆ ಕಾಯಿದೆಯ ದೃಷ್ಟಿಯಲ್ಲಿ ಅವರಿಬ್ಬರೂ ಒಂದೇ ಜಾತಿಯ ಜನರಲ್ಲ. ಅದು ಹೇಗಾಯಿತು, ಅವರನ್ನು ತಯಾರುಮಾಡಿದ ಖರ್ಚು ಯಾರ ಲೆಕ್ಕದಲ್ಲಿ ಬರೆಯಲ್ಪಟ್ಟಿದೆ ಎಂಬುದೇ ಇಲ್ಲಿನ ಪ್ರಶ್ನೆ.

೨

ಕುಶಲರು ಹೊರಕ್ಕೆ ಹೋಗುವ ವಿಷಯವನ್ನೆತ್ತುವ ಮೊದಲು ಅವರು ಒಳಕ್ಕೆ ಬಂದ ಕಾಲವನ್ನು ನೆನೆಯಬೇಕು. ಈಸ್ಟ್ ಇಂಡಿಯಾ ಕಂಪೆನಿಯ ಆಳ್ವಿಕೆಯಲ್ಲಿ ನೆಲೆಸಲು ಐರೋಪ್ಯನಿಗೆ ಬಹುಕಾಲ ಪರವಾನಗಿ ಬೇಕಾಗಿತ್ತು. ೧೮೩೩ರ ಚಾರ್ಟರ್ ಕಾಯಿದೆಯಿಂದ ಈ ಕಟ್ಟು ಸಡಿಲವಾಗಿ ಬ್ರಿಟಿಷರಲ್ಲದ ಮಿಷನರಿಗಳಿಗೂ ದಾರಿ ತೆರೆಯಿತು. ಮರುವರ್ಷವೇ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಇಳಿದರು. ಆ ಮಿಷನ್ನಿನ ಜಾರ್ಜ್ ಪ್ಲೆಬ್‌ಸ್ಟ್ ಈ ತೀರದ ಜೇಡಿಮಣ್ಣನ್ನು ಪರೀಕ್ಷಿಸಿ ೧೮೬೫ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಸಂಗತಿ ಜಿಲ್ಲೆಯ ವಿದ್ಯಾರ್ಥಿಗಳಿಗೆ ಹೊಸದಲ್ಲ. ಗೊತ್ತಿದ್ದರೂ ನಾವು ಯೋಚಿಸದಿರುವುದು ಅದರ ಮುಂದಿನ ಮೂರು ವರ್ಷಗಳ ಕಥೆಯನ್ನು. ೧೮೬೮ರಲ್ಲಿ ಪಾಣೆಮಂಗಳೂರಿನಲ್ಲಿ, ಎಂದರೆ ಇಂದಿನ ಬಂಟ್ವಾಳ ತಾಲ್ಲೂಕಿನಲ್ಲಿ, ಆಲ್ಬುಕರ್ಕ್ ಹಂಚಿನ ಕಾರ್ಖಾನೆ ಆರಂಭವಾಯಿತು. ಈ ಉದ್ಯಮದಲ್ಲಿ ಭಾರತೀಯರದೇ ಆದ ಮೊದಲ ಕಾರ್ಖಾನೆ ಅದೆಂಬುದು ರೂಢಿಯ ಮಾತು. ಮಣ್ಣನ್ನು ಹದಗೊಳಿಸುವುದು, ಅಚ್ಚೊತ್ತುವುದು, ನೆರಳಿನಲ್ಲಿ ಆರಿಸುವುದು, ಭಟ್ಟಿಯಲ್ಲಿ ಸುಡುವುದು, ಈ ನಾಲ್ಕೂ ಕೆಲಸಗಳನ್ನು ಮೂರು ವರ್ಷಗಳಲ್ಲಿ ನೇತ್ರಾವತಿಯ ದಡದ ಜನ ತಮ್ಮದಾಗಿಸಿಕೊಂಡರು. ಕಲಿಸಿದವನ ಕೈಯಲ್ಲಾಗಲಿ ಕಲಿತವನ ಕೈಯಲ್ಲಾಗಲಿ ಪದವಿಪತ್ರವನ್ನು ಯಾರೂ ಕೇಳಲಿಲ್ಲ. ಹಂಚು ಸೋರಿದರೆ ಕಲಿತದ್ದು ಸಾಲದು, ಸೋರದಿದ್ದರೆ ಸಾಕು. ಪರೀಕ್ಷೆ ಅಷ್ಟೇ ಆಗಿತ್ತು.

ತೆರೆದ ಬಾಗಿಲು ೧೯೧೪ರಲ್ಲಿ ಮುಚ್ಚಿತು. ಮಹಾಯುದ್ಧ ಹತ್ತಿಕೊಂಡೊಡನೆ ಜರ್ಮನ್ ಪ್ರಜೆಗಳು ಶತ್ರುದೇಶೀಯರೆನಿಸಿ ಬಂಧನಕ್ಕೊಳಗಾದರು; ಮಿಷನ್ನಿನ ಕಾರ್ಖಾನೆಗಳು ಕೈಬದಲಾಗಿ ಕಾಮನ್‌ವೆಲ್ತ್ ಟ್ರಸ್ಟಿನ ವಶವಾದುವು. ಒಡೆಯರು ಬದಲಾದರೂ ಕಸುಬು ನಿಲ್ಲಲಿಲ್ಲ, ಏಕೆಂದರೆ ಅದು ಆಗಲೇ ಸ್ಥಳೀಯರ ಕೈ ಸೇರಿತ್ತು. ವಿದೇಶೀಯರ ಪ್ರವೇಶವನ್ನು ಕುರಿತ ಎರಡು ಕಾನೂನುಬದ್ಧ ತೀರ್ಮಾನಗಳ ನಡುವೆ, ಒಂದು ಬಿಡುವುದು ಇನ್ನೊಂದು ತಡೆಯುವುದು, ನಮ್ಮ ಜಿಲ್ಲೆಯ ಆಧುನಿಕ ಕೈಗಾರಿಕೆಯ ಮೊದಲ ಅಧ್ಯಾಯ ನಡೆದುಹೋಯಿತೆಂಬುದನ್ನು ನಮ್ಮ ಪಠ್ಯಪುಸ್ತಕಗಳು ಇಷ್ಟು ಸ್ಪಷ್ಟವಾಗಿ ಹೇಳುವುದಿಲ್ಲ.

ಕುಶಲತೆಯೆಂದರೇನು ಎಂದು ವಿಧಿಸುವ ಅಗತ್ಯ ಕಾಯಿದೆಗೆ ಉಂಟಾದುದು ಜನರು ಹೊರಕ್ಕೆ ಹೊರಟಾಗ. ೧೯೨೨ರ ಭಾರತೀಯ ವಲಸೆ ಕಾಯಿದೆ ‘ಕುಶಲ ಕೆಲಸ’ಕ್ಕೆ ಕೊಟ್ಟ ಅರ್ಥವನ್ನು ಇಂದಿನ ವಿದ್ಯಾರ್ಥಿ ಓದಿದರೆ ಬೆರಗಾಗುತ್ತಾನೆ. ಕುಶಲಕರ್ಮಿಯ ಕೆಲಸ, ಗುಮಾಸ್ತೆಯ ಮತ್ತು ಅಂಗಡಿಯ ಸಹಾಯಕನ ಕೆಲಸ, ಪ್ರದರ್ಶನ ವಿನೋದಗಳಲ್ಲಿ ಮಾಡುವ ಕೆಲಸ, ಉಪಾಹಾರಗೃಹ, ಚಹದಂಗಡಿಗಳ ಸೇವೆ, ಕೊನೆಗೆ ಮನೆಗೆಲಸ, ಇವೆಲ್ಲವೂ ಅದರಲ್ಲಿ ಕುಶಲ ಕೆಲಸಗಳೇ. ಪದವಿಯ ಮಾತೇ ಅಲ್ಲಿಲ್ಲ. ಉಡುಪಿಯ ಅಡಿಗೆಯವನು ೧೯೨೨ರ ಶಾಸನದಲ್ಲಿ ಕುಶಲನಾಗಿದ್ದನು! ಇದು ಅವನ ಮೇಲಣ ಗೌರವದಿಂದ ಮಾಡಿದ ಏರ್ಪಾಟೆಂದು ತಿಳಿಯಬೇಕಾಗಿಲ್ಲ. ತೋಟದ ಕೂಲಿಯಿಂದ ಅವನನ್ನು ಬೇರ್ಪಡಿಸಿ ಬೇರೊಂದು ಪರವಾನಗಿಯ ಕ್ರಮಕ್ಕೆ ಒಳಪಡಿಸುವುದಷ್ಟೇ ಸರಕಾರದ ಉದ್ದೇಶವಾಗಿತ್ತು. ಆದರೂ ಕೈಯ ನೈಪುಣ್ಯವನ್ನು ಕಾಯಿದೆ ನೈಪುಣ್ಯವೆಂದೇ ಕರೆದಿತ್ತು.

ಇದರ ಸ್ಥಾನದಲ್ಲಿ ಬಂದ ೧೯೮೩ರ ವಲಸೆ ಕಾಯಿದೆಯ ೨ನೆಯ ಪ್ರಕರಣದಲ್ಲಿ ಪಟ್ಟಿ ಬೆಳೆಯಿತು: ಅಕುಶಲ ದುಡಿಮೆ, ಮನೆಗೆಲಸ, ಹೋಟೆಲಿನ ಸೇವೆ, ವಾಹನಚಾಲಕ, ಮೆಕ್ಯಾನಿಕ್, ತಂತ್ರಜ್ಞ, ಕುಶಲಕರ್ಮಿ, ಬೆರಳಚ್ಚುಗಾರ, ಲೆಕ್ಕಿಗ, ದಾದಿ, ಯಂತ್ರ ನಡೆಸುವವನು. ೧೯೭೦ರ ದಶಕದಲ್ಲಿ ಎಣ್ಣೆಯ ಬೆಲೆಯೇರಿ ಕೊಲ್ಲಿರಾಜ್ಯಗಳಲ್ಲಿ ಕಟ್ಟಡಗಳೆದ್ದಾಗ ವಿಟ್ಲ, ಬಂಟ್ವಾಳ, ಬೆಳ್ತಂಗಡಿಗಳಿಂದ ಹೊರಟ ಜನರ ಜನಗಣತಿಯೇ ಇದೆಂದು ಹೇಳಬಹುದಾದಷ್ಟು ಈ ಪಟ್ಟಿ ನಿಜವಾಗಿದೆ. ಇವರಿಗೆ ವಲಸೆ ರಕ್ಷಣಾಧಿಕಾರಿಯ ಅನುಮತಿ ಬೇಕು. ಇಂಜಿನಿಯರನ ಹೆಸರು ಪಟ್ಟಿಯಲ್ಲಿಲ್ಲ. ಅವನಿಗೆ ರಕ್ಷಣೆ ಬೇಡವೆಂಬುದು ಕಾಯಿದೆಯ ಮೌನದ ಅರ್ಥ. ಇನ್ನು ವಿದ್ಯೆ ಎಂಬುದು ಈ ಏರ್ಪಾಟಿನಲ್ಲಿ ಬರುವುದು ಒಂದೇ ಕಡೆ, ವಿನಾಯಿತಿಯ ರೂಪದಲ್ಲಿ. ೨೦೦೭ರಿಂದೀಚೆಗೆ ಹತ್ತನೆಯ ತರಗತಿ ತೇರ್ಗಡೆಯಾದವನ ರಹದಾರಿಗೆ ಈ ಅನುಮತಿಯ ಕಟ್ಟಿಲ್ಲ. ಹತ್ತನೆಯ ತರಗತಿಯಲ್ಲಿ ಫೇಲಾಗಿ ಇಪ್ಪತ್ತು ವರ್ಷ ಭಟ್ಟಿಯ ಮುಂದೆ ನಿಂತವನು ರಕ್ಷಣೆಗೆ ಪಾತ್ರನಾದ ಅಸಹಾಯಕ, ಹತ್ತನ್ನು ದಾಟಿ ಯಾವ ಕೆಲಸವನ್ನೂ ಅರಿಯದವನು ಸ್ವತಂತ್ರ! ವಿದ್ಯೆಯನ್ನು ಇಲ್ಲಿ ಅಳೆಯಲಾಗಿದೆಯೇ ಹೊರತು ಅದರ ಬೆಲೆಯನ್ನು ಯಾರೂ ಕೇಳಿಲ್ಲ.

೩

ಆ ಬೆಲೆಯನ್ನು ಕೇಳಿದ ಕಾಯಿದೆ ಹುಟ್ಟಿದುದು ನಮ್ಮಲ್ಲಲ್ಲ, ಅಮೆರಿಕದಲ್ಲಿ. ಅದರ ಪೂರ್ವಕಥೆಯನ್ನು ಸಂಕ್ಷೇಪವಾಗಿ ನೋಡಬಹುದು. ೧೯೧೭ರ ಕಾಯಿದೆಯಿಂದ ಭಾರತೀಯರಿಗೆ ಮುಚ್ಚಿದ್ದ ಆ ದೇಶದ ಬಾಗಿಲು ೧೯೪೬ರಲ್ಲಿ ವರ್ಷಕ್ಕೆ ೧೦೦ ಜನರ ಮಟ್ಟಿಗೆ ತೆರೆಯಿತು. ೧೯೫೨ರಲ್ಲಿ ತಾತ್ಕಾಲಿಕವಾಗಿ ಬರುವ ವಿಶೇಷ ಯೋಗ್ಯತೆಯವರಿಗೆಂದು ‘ಎಚ್-೧’ ಎಂಬ ವರ್ಗ ಏರ್ಪಟ್ಟಿತು. ೧೯೫೭ರಲ್ಲಿ ರಷ್ಯದವರು ಕೃತಕ ಉಪಗ್ರಹವನ್ನು ಹಾರಿಸಿದಾಗ ಅಮೆರಿಕ ಮೊದಲು ಮಾಡಿದ ಕೆಲಸ ತನ್ನ ಶಾಲೆ ಕಾಲೇಜುಗಳಿಗೆ ಹಣ ಸುರಿದುದು. ೧೯೫೮ರ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯಿದೆ ಅದರ ಫಲ. ೧೯೬೫ರಲ್ಲಿ ರಾಷ್ಟ್ರವಾರು ಹಳೆಯ ಪಾಲುಪಟ್ಟಿಯನ್ನು ತೆಗೆದುಹಾಕಿ ವೃತ್ತಿನಿಪುಣರಿಗೆ ಪ್ರಾಶಸ್ತ್ಯ ಕೊಟ್ಟರು. ವಿದ್ಯೆಗೆ ಹಣ, ವಿದ್ಯಾವಂತರಿಗೆ ವೀಸಾ, ಈ ಎರಡು ಸಾಧನಗಳು ಅಲ್ಲಿ ಬೇರೆಬೇರೆಯಾಗಿಯೇ ಬೆಳೆದುವು.

೧೯೯೦ರ ಕಾಯಿದೆ ‘ಎಚ್-೧ಬಿ’ ವರ್ಗವನ್ನು ಸ್ಥಾಪಿಸಿ ವರ್ಷಕ್ಕೆ ೬೫,೦೦೦ ಎಂಬ ಮಿತಿಯನ್ನು ಹಾಕಿತು. ಅದಕ್ಕಿಂತ ಮುಖ್ಯವಾದುದು ಅದು ಕೊಟ್ಟ ಅರ್ಥನಿರೂಪಣೆ: ಆ ವೃತ್ತಿಗೆ ಸೇರಲು ಕನಿಷ್ಠಪಕ್ಷ ಒಂದು ಸ್ನಾತಕ ಪದವಿ ಅಥವಾ ಅದಕ್ಕೆ ಸಮಾನವಾದುದು ಬೇಕಾಗಿರಬೇಕು. ೧೯೨೨ರ ನಮ್ಮ ಪಟ್ಟಿಗೂ ಇದಕ್ಕೂ ಇರುವ ಅಂತರವನ್ನು ಓದುಗರೇ ಊಹಿಸಬಹುದು. ಅಡಿಗೆಯವನೂ ಹಂಚಿನವನೂ ಒಂದೇ ಏಟಿಗೆ ಹೊರಗಾದರು.

೧೯೯೮ರಲ್ಲಿ ಗಣಕಯಂತ್ರದ ಉದ್ಯಮಗಳು ಜನ ಸಾಲದೆಂದು ಕೂಗಿದಾಗ, ಅಲ್ಲಿನ ಕಾಂಗ್ರೆಸ್ಸು ಮಿತಿಯನ್ನು ೧,೧೫,೦೦೦ಕ್ಕೆ ಏರಿಸಿತು. ಏರಿಸುವಾಗ ಒಂದು ಷರತ್ತನ್ನೂ ಹೊಸೆಯಿತು. ಪ್ರತಿ ಅರ್ಜಿಗೂ ಮಾಲಿಕನು ೫೦೦ ಡಾಲರ್ ಶುಲ್ಕ ತೆರಬೇಕು. ಆ ಹಣ ಪ್ರತ್ಯೇಕ ಖಾತೆಗೆ ಜಮೆಯಾಗಿ ಅಮೆರಿಕದ ಕೆಲಸಗಾರರ ತರಬೇತಿಗೂ ವಿದ್ಯಾರ್ಥಿವೇತನಕ್ಕೂ ವಿನಿಯೋಗವಾಗಬೇಕು. ೨೦೦೦ದಲ್ಲಿ ಮಿತಿ ಮೂರು ವರ್ಷಗಳ ಮಟ್ಟಿಗೆ ೧,೯೫,೦೦೦ ಆಯಿತು, ಶುಲ್ಕ ೧,೦೦೦ ಡಾಲರ್ ಆಯಿತು. ೨೦೦೩ರಲ್ಲಿ ಅವಧಿ ಮುಗಿದು ಶುಲ್ಕ ನಿಂತು, ೨೦೦೪ರ ಕೊನೆಯಲ್ಲಿ ೧,೫೦೦ ಡಾಲರಾಗಿ ಮತ್ತೆ ಬಂತು. ೨೫ ಅಥವಾ ಅದಕ್ಕಿಂತ ಕಡಿಮೆ ನೌಕರರಿರುವ ಸಣ್ಣ ಮಾಲಿಕರಿಗೆ ಅದರ ಅರ್ಧ. ಹಂಚಿಕೆಯೂ ಖಚಿತವಾಗಿದೆ. ನೂರಕ್ಕೆ ೫೦ ಪಾಲು ಕೆಲಸಗಾರರ ತರಬೇತಿಗೆ. ೩೦ ಪಾಲು ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಮೂಲಕ ಬಡ ವಿದ್ಯಾರ್ಥಿಗಳ ವೇತನಕ್ಕೆ. ೧೦ ಪಾಲು ಶಾಲೆಗಳಲ್ಲಿ ಗಣಿತ ವಿಜ್ಞಾನಗಳ ಬೋಧನೆಗೆ. ಉಳಿದುದು ಎರಡು ಇಲಾಖೆಗಳ ಕಚೇರಿಯ ಖರ್ಚಿಗೆ. ಈ ಶುಲ್ಕವನ್ನು ಮಾಲಿಕನು ಕೆಲಸಗಾರನಿಂದ ವಸೂಲು ಮಾಡಕೂಡದೆಂದೂ ಮಾಡಿದರೆ ದಂಡವೆಂದೂ ವಿಧಿಯಿದೆ. ದಾನಶಾಸನದ ಕೊನೆಯ ಶಾಪಾಶಯಕ್ಕೆ ಇದನ್ನು ಹೋಲಿಸಬಹುದು.

ಈಗ ನಮ್ಮ ಪ್ರಶ್ನೆಗಳನ್ನು ಕೇಳೋಣ. ಕೊಟ್ಟವರು ಯಾರು? ಕಾಂಗ್ರೆಸ್ಸು. ದ್ರವ್ಯ ಎಲ್ಲಿಯದು? ಮಾಲಿಕನದು. ನಿಮಿತ್ತ? ಹೊರದೇಶದಿಂದ ಒಬ್ಬ ವಿದ್ಯಾವಂತನ ಆಗಮನ. ಪಡೆದವರು? ಅಮೆರಿಕದ ಪ್ರಜೆಗಳು, ಅಲ್ಲಿ ಖಾಯಂ ವಾಸದ ಹಕ್ಕು ಪಡೆದವರು, ಆಶ್ರಯ ಪಡೆದ ನಿರಾಶ್ರಿತರು. ಇದು ಆ ದತ್ತಿಯ ಚತುಸ್ಸೀಮೆ. ಯಾರ ಬರವಿನಿಂದ ಹಣ ಹುಟ್ಟಿತೋ ಅವನ ಊರಿನ ಶಾಲೆ ಎಲ್ಲೆಯ ಹೊರಗಿದೆ.

ಇಲ್ಲಿ ಅವಸರಪಟ್ಟು ನಿಂದಿಸುವುದು ನ್ಯಾಯವಲ್ಲ. ಯಾವ ದೇಶದ ಶಾಸನಸಭೆಯೂ ತನ್ನ ಮಾಲಿಕರ ಮೇಲೆ ತೆರಿಗೆ ಹಾಕಿ ಬೆಳ್ತಂಗಡಿಯ ಮಕ್ಕಳಿಗೆ ಓದಿಸುವುದಿಲ್ಲ. ನನ್ನ ದೃಷ್ಟಿಯಲ್ಲಿ ೧೯೯೮ರ ಕಾಯಿದೆಯ ಗುಣವೇ ದೊಡ್ಡದು. ಸಿದ್ಧವಾಗಿ ಬಂದ ವಿದ್ಯಾವಂತನನ್ನು ಕೆಲಸಕ್ಕಿಟ್ಟುಕೊಳ್ಳುವವನು ವಿದ್ಯೆಯ ಖರ್ಚಿನಿಂದ ತಪ್ಪಿಸಿಕೊಂಡಿದ್ದಾನೆ, ಆದುದರಿಂದ ಆ ಖರ್ಚಿನ ಒಂದಂಶವನ್ನು ಅವನು ಎಲ್ಲಾದರೂ ತುಂಬಿಕೊಡಬೇಕು ಎಂಬ ತತ್ತ್ವವನ್ನು ಅದು ಬರಹದಲ್ಲಿ ಒಪ್ಪಿಕೊಂಡಿತು. ಋಣವುಂಟೆಂದು ಒಪ್ಪಿದುದು ದೊಡ್ಡ ಮಾತು. ಯಾರಿಗೆ ಋಣವೆಂಬಲ್ಲಿ ಮಾತ್ರ ಲೆಕ್ಕ ಬೇರೆಯಾಯಿತು.

ವಿಷಾದಕರವಾದ ಸಂಗತಿಯೆಂದರೆ ಆ ತತ್ತ್ವವೂ ಮುಂದೆ ಕ್ಷೀಣಿಸಿತು. ೨೦೧೦ರಲ್ಲಿ, ೫೦ ಅಥವಾ ಅದಕ್ಕೆ ಮಿಕ್ಕಿದ ನೌಕರರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಇಂಥ ವೀಸಾದವರೇ ಆಗಿರುವ ಸಂಸ್ಥೆಗಳ ಮೇಲೆ ೨,೦೦೦ ಡಾಲರ್ ಹೆಚ್ಚುವರಿ ಶುಲ್ಕ ಬಿತ್ತು. ಅದು ಹೋದುದು ಶಾಲೆಗಲ್ಲ, ಮೆಕ್ಸಿಕೊ ಕಡೆಯ ಗಡಿಯ ಕಾವಲಿಗೆ. ೨೦೧೫ರಲ್ಲಿ ಅದು ೪,೦೦೦ ಆಯಿತು. ಅದರ ಒಂದು ಭಾಗ ಗಡಿಯಲ್ಲಿ ಬಂದುಹೋಗುವವರನ್ನು ದೇಹಲಕ್ಷಣಗಳಿಂದ ಗುರುತಿಸುವ ಯಂತ್ರಗಳಿಗೆ. ೨೦೨೫ರ ಸೆಪ್ಟೆಂಬರ್ ೧೯ರಂದು ಆ ದೇಶದ ಅಧ್ಯಕ್ಷರು ಘೋಷಣೆಯೊಂದನ್ನು ಹೊರಡಿಸಿ, ಹೊರದೇಶದಲ್ಲಿರುವವರಿಗಾಗಿ ಸಲ್ಲಿಸುವ ಹೊಸ ಅರ್ಜಿಗಳ ಮೇಲೆ ೧,೦೦,೦೦೦ ಡಾಲರ್ ವಿಧಿಸಿದರು. ಇದು ಕಾಂಗ್ರೆಸ್ಸಿನ ಕಾಯಿದೆಯಲ್ಲ, ಅಧ್ಯಕ್ಷರ ಘೋಷಣೆ. ಹಣವನ್ನು ವಿದ್ಯೆಗೆ ವಿನಿಯೋಗಿಸಬೇಕೆಂಬ ಮಾತು ಅದರಲ್ಲಿಲ್ಲ. ಇಪ್ಪತ್ತೇಳು ವರ್ಷಗಳ ಈ ಸರಣಿಯನ್ನು ಒಟ್ಟಿಗಿಟ್ಟು ಓದಿದರೆ, ವಿದ್ಯಾದತ್ತಿಯಾಗಿ ಹುಟ್ಟಿದುದು ಗಡಿಸುಂಕವಾಗಿ ಕೊನೆಗೆ ಬಾಗಿಲ ಅಗಳಿಯಾದ ಬಗೆ ಕಾಣುತ್ತದೆ. ೧೯೯೮ರ ಶುಲ್ಕ ರದ್ದಾಗಿಲ್ಲವೆಂಬುದು ನಿಜ. ಆದರೆ ೧,೫೦೦ರ ಪಕ್ಕದಲ್ಲಿ ಒಂದು ಲಕ್ಷ ನಿಂತಾಗ ಕಾಯಿದೆಯ ಧ್ವನಿ ಯಾವುದೆಂಬುದರಲ್ಲಿ ಸಂಶಯವಿಲ್ಲ.

೪

ಇನ್ನು ನಮ್ಮ ಕಡೆಯ ಲೆಕ್ಕ. ಹೋದವನನ್ನು ಓದಿಸಿದವರು ಯಾರು?

ದಕ್ಷಿಣ ಕನ್ನಡದಲ್ಲಿ ಈ ಪ್ರಶ್ನೆಗೆ ಕಾಲಕಾಲಕ್ಕೆ ಬೇರೆ ಬೇರೆ ಉತ್ತರಗಳಿದ್ದುವು. ೧೯೬೦ರಲ್ಲಿ ಸುರತ್ಕಲ್ಲಿನಲ್ಲಿ ಕರ್ನಾಟಕ ಪ್ರಾದೇಶಿಕ ಇಂಜಿನಿಯರಿಂಗ್ ಕಾಲೇಜು ಪ್ರಾರಂಭವಾಯಿತು. ಅದನ್ನು ಈ ಜಿಲ್ಲೆಗೆ ತಂದವರಲ್ಲಿ ಲೋಕಸಭಾ ಸದಸ್ಯರಾಗಿದ್ದ ಉಳ್ಳಾಲ ಶ್ರೀನಿವಾಸ ಮಲ್ಯರ ಹೆಸರು ಮೊದಲನೆಯದು. ಎರಡನೆಯ ಪಂಚವಾರ್ಷಿಕ ಯೋಜನೆಯ ಈ ಪ್ರಾದೇಶಿಕ ಕಾಲೇಜುಗಳ ಕಟ್ಟಡ ಸಲಕರಣೆಗಳ ಖರ್ಚು ಕೇಂದ್ರದ್ದು, ವರ್ಷವರ್ಷದ ಖರ್ಚು ಕೇಂದ್ರಕ್ಕೂ ರಾಜ್ಯಕ್ಕೂ ಸಮಪಾಲು. ಸ್ಥಾನಗಳಲ್ಲಿ ಅರ್ಧ ರಾಜ್ಯದ ವಿದ್ಯಾರ್ಥಿಗಳಿಗೆ, ಅರ್ಧ ಹೊರಗಿನವರಿಗೆ. ಅಲ್ಲಿ ಓದಿದವನು ದೇಶ ಬಿಟ್ಟು ಹೋದರೆ ಬೊಕ್ಕಸಕ್ಕೆ ನಷ್ಟವಾಯಿತೆಂದು ಹೇಳುವುದಕ್ಕೆ ಆಧಾರವಿತ್ತು. ೧೯೭೦ರ ದಶಕದಲ್ಲಿ ಅರ್ಥಶಾಸ್ತ್ರಜ್ಞ ಜಗದೀಶ ಭಗವತಿಯವರು, ಹೀಗೆ ಹೋದವರ ಆದಾಯದ ಮೇಲೆ ಒಂದು ಹೆಚ್ಚುವರಿ ತೆರಿಗೆ ವಿಧಿಸಿ ಅದನ್ನು ಬಡದೇಶಗಳ ಅಭಿವೃದ್ಧಿಗೆ ಕೊಡಬೇಕೆಂದು ಸೂಚಿಸಿದುದು ಈ ಹಿನ್ನೆಲೆಯಲ್ಲಿ. ಸೂಚನೆ ವಿಶ್ವವಿದ್ಯಾನಿಲಯಗಳಲ್ಲಿ ಬಹಳ ಚರ್ಚೆಯಾಯಿತು, ಕಾಯಿದೆಯಾಗಲಿಲ್ಲ.

ನಮ್ಮ ಮೂರು ತಾಲ್ಲೂಕುಗಳಿಗೆ ಇಂಜಿನಿಯರಿಂಗ್ ವಿದ್ಯೆ ಬಂದುದು ಈ ದಾರಿಯಿಂದಲ್ಲ. ೨೦೦೧ರಲ್ಲಿ ಬಂಟ್ವಾಳ ತಾಲ್ಲೂಕಿನ ಬೆಂಜನಪದವಿನಲ್ಲಿ ಕೆನರಾ ಇಂಜಿನಿಯರಿಂಗ್ ಕಾಲೇಜು, ೨೦೦೭ರಲ್ಲಿ ಬೆಳ್ತಂಗಡಿ ತಾಲ್ಲೂಕಿನ ಉಜಿರೆಯಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಸಂಸ್ಥೆಯ ತಾಂತ್ರಿಕ ಕಾಲೇಜು, ಅದೇ ವರ್ಷ ಮೂಡಬಿದಿರೆಯ ಬಳಿ ಮ್ಯಾಂಗಲೋರ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ, ೨೦೦೮ರಲ್ಲಿ ಮಿಜಾರಿನಲ್ಲಿ ಆಳ್ವಾಸ್ ತಾಂತ್ರಿಕ ಕಾಲೇಜು. ಎಲ್ಲವೂ ಖಾಸಗಿ ಆಡಳಿತದವು, ವಿದ್ಯಾರ್ಥಿಗಳ ಶುಲ್ಕವನ್ನೇ ನೆಚ್ಚಿದವು. ಇವುಗಳ ಹಿಂದಿರುವ ಕಾನೂನಿನ ಹಾದಿಯೂ ದೀರ್ಘವಾದುದು: ೧೯೮೪ರ ಕರ್ನಾಟಕದ ಕ್ಯಾಪಿಟೇಶನ್ ಶುಲ್ಕ ನಿಷೇಧ ಕಾಯಿದೆ, ೧೯೯೨ರಲ್ಲಿ ಕರ್ನಾಟಕದಿಂದಲೇ ಹೋದ ಮೋಹಿನಿ ಜೈನ್ ಮೊಕದ್ದಮೆ, ಮರುವರ್ಷದ ಉನ್ನಿಕೃಷ್ಣನ್ ತೀರ್ಪು, ೨೦೦೨ರಲ್ಲಿ ನಮ್ಮ ಪಕ್ಕದ ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ತೀರ್ಪು. ಅವುಗಳ ವಿವರಕ್ಕೆ ಇಲ್ಲಿ ಹೋಗುವುದಿಲ್ಲ. ಒಟ್ಟು ಪರಿಣಾಮವೆಂದರೆ, ಸರಕಾರದ ಹಣ ಪಡೆಯದ ಕಾಲೇಜು ತನ್ನ ಖರ್ಚನ್ನು ಶುಲ್ಕದಿಂದ ತುಂಬಿಕೊಳ್ಳಬಹುದೆಂಬ ಸ್ಥಿತಿ ನೆಲೆಗೊಂಡಿತು. ಈ ಕಾಲೇಜುಗಳು ಇಲ್ಲದಿದ್ದರೆ ಸುತ್ತಣ ಹಳ್ಳಿಗಳ ಅನೇಕ ಹುಡುಗಿಯರಿಗೆ ಇಂಜಿನಿಯರಿಂಗ್ ವಿದ್ಯೆ ದೊರೆಯುತ್ತಿರಲಿಲ್ಲವೆಂಬುದನ್ನೂ ಹೇಳಲೇಬೇಕು. ಮನೆಯಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರ ಕಾಲೇಜಿದೆಯೆಂಬುದು ತಂದೆತಾಯಿಗಳ ಮಟ್ಟಿಗೆ ಸಣ್ಣ ಸಂಗತಿಯಲ್ಲ.

ಶುಲ್ಕ ಎಲ್ಲಿಂದ ಬಂತು? ಇಲ್ಲಿ ಇತಿಹಾಸಕಾರನು ಇನ್ನೊಂದು ಶಾಸನವನ್ನು ನೆನೆಯಬೇಕಾಗುತ್ತದೆ. ೧೯೭೪ರ ಮಾರ್ಚ್ ೧ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಗೇಣಿಪದ್ಧತಿ ಕೊನೆಗೊಂಡು, ಬಂಟ್ವಾಳ ಬೆಳ್ತಂಗಡಿಗಳ ಚಾಲಗೇಣಿ ಒಕ್ಕಲುಗಳು ‘ಡಿಕ್ಲರೇಶನ್’ ಕೊಟ್ಟು, ಭೂನ್ಯಾಯಮಂಡಳಿಯ ಮುಂದೆ ನಿಂತು, ತಾವು ಉಳುತ್ತಿದ್ದ ನೆಲಕ್ಕೆ ಒಡೆಯರಾದರು. ಗದ್ದೆಯ ಬದಿಯಲ್ಲಿ ಅಡಿಕೆ ಎದ್ದಿತು. ೨೦೦೧ರಲ್ಲಿ ಭಾರತೀಯ ಬ್ಯಾಂಕುಗಳ ಸಂಘ ಮಾದರಿ ಶಿಕ್ಷಣಸಾಲ ಯೋಜನೆಯನ್ನು ರೂಪಿಸಿದಾಗ, ೪ ಲಕ್ಷ ರೂಪಾಯಿಗಳವರೆಗೆ ಆಧಾರ ಬೇಡ, ಮೇಲಾದರೆ ಜಾಮೀನು ಅಥವಾ ಆಸ್ತಿ ಬೇಕು ಎಂದು ಗೊತ್ತಾಯಿತು. ಆ ಯೋಜನೆಯಲ್ಲಿ ಹೊರದೇಶದ ವ್ಯಾಸಂಗಕ್ಕೆ ಕೊಡುವ ಸಾಲದ ಮಿತಿ ಸ್ವದೇಶದ ವ್ಯಾಸಂಗಕ್ಕಿದ್ದುದರ ಇಮ್ಮಡಿಯಾಗಿತ್ತೆಂಬುದನ್ನು ಗಮನಿಸಬೇಕು. ಸಾಲದ ಗೋಡೆ ಯಾವ ಕಡೆಗೆ ವಾಲಿತ್ತೆಂಬುದು ಅದರಿಂದಲೇ ತಿಳಿಯುತ್ತದೆ. ಶಿಕ್ಷಣಸಾಲ ಸಾಲದೆ ಬಂದಾಗ ಒಡವೆ ಅಡವಿಗೆ ಹೋಗುತ್ತದೆ, ಸಹಕಾರಿ ಸಂಘದಲ್ಲಿ ತೋಟದ ಮೇಲೆ ಎತ್ತಿದ ಬೆಳೆಸಾಲ ಗೊಬ್ಬರವಾಗುವ ಬದಲು ಕಾಲೇಜಿನ ಶುಲ್ಕವಾಗುತ್ತದೆ. ಹೀಗೆ ಆಗುವುದನ್ನು ಕರಾವಳಿಯ ಅಧ್ಯಾಪಕರಲ್ಲಿ ಅರಿಯದವರಿಲ್ಲ.

ಇದರಿಂದ ಒಂದು ತೀರ್ಮಾನ ಹೊರಡುತ್ತದೆ. ಭಗವತಿಯವರ ವಾದದಲ್ಲಿ ಋಣದಾತನು ರಾಜ್ಯ. ಸುರತ್ಕಲ್ಲಿನ ೧೯೬೦ರ ಕಾಲೇಜಿನ ಮಟ್ಟಿಗೆ ಅದು ಒಪ್ಪತಕ್ಕ ಮಾತು. ಮಿಜಾರು, ಬೆಂಜನಪದವುಗಳ ಮಟ್ಟಿಗೆ ಋಣದಾತನು ಸಂಸಾರ. ರಾಜ್ಯಕ್ಕೆ ‘ನಮ್ಮ ಪ್ರತಿಭೆ ಸೋರಿಹೋಯಿತು’ ಎಂದು ದೂರುವ ಅಧಿಕಾರ ಬಹುಮಟ್ಟಿಗೆ ಇಲ್ಲ. ಅಮೆರಿಕದ ಕಾಯಿದೆ ಋಣವನ್ನು ತನ್ನವರಿಗೇ ತೀರಿಸಿಕೊಂಡಿತು; ನಮ್ಮ ಕಾಯಿದೆ ಋಣವನ್ನು ಕಾಣಲೇ ಇಲ್ಲ; ಪುಣಚ ಅಥವಾ ಧರ್ಮಸ್ಥಳದ ದಾರಿಯ ತೋಟದ ಒಡೆಯನೊಬ್ಬ ಅದನ್ನು ಕಂತು ಕಂತಾಗಿ ಕಟ್ಟುತ್ತಿದ್ದಾನೆ. ೧,೦೦,೦೦೦ ಡಾಲರಿನ ಘೋಷಣೆ ಹೊರಟ ದಿನ ಪತ್ರಿಕೆಗಳು ಬರೆದುದು ಉದ್ಯಮಗಳ ಷೇರುಬೆಲೆಯನ್ನು ಕುರಿತು. ಆ ಕಂತುಗಳನ್ನು ಕುರಿತು ಯಾರು ಬರೆದರು?

೫

ಹೊರಗೆ ಹೋದವರು ಹಣ ಕಳುಹಿಸುತ್ತಾರೆ, ಊರು ಅದರಿಂದಲೇ ಬೆಳೆದಿದೆ, ಮತ್ತೇನು ಲೆಕ್ಕ ಎಂದು ಆಕ್ಷೇಪಿಸುವವರುಂಟು. ಹಣ ಬಂದಿದೆಯೆಂಬುದು ನಿಜ. ಅದು ಮನೆಯಾಗಿದೆ, ತಂಗಿಯ ಮದುವೆಯಾಗಿದೆ, ದೇವಸ್ಥಾನದ ಜೀರ್ಣೋದ್ಧಾರ ಬ್ರಹ್ಮಕಲಶಗಳಾಗಿದೆ, ಮಸೀದಿಯ ಮಹಡಿಯಾಗಿದೆ, ಇಗರ್ಜಿಯ ಸಭಾಭವನವಾಗಿದೆ. ೧೪೩೦ರಲ್ಲಿ ಮೂಡಬಿದಿರೆಯ ಸಾವಿರಕಂಬದ ಬಸದಿ ಎದ್ದುದೂ ವರ್ತಕ ಸಮುದಾಯದ ಆಶ್ರಯದಲ್ಲಿಯೇ. ದೂರದ ವ್ಯಾಪಾರದ ಲಾಭ ಊರಿನ ಕಲ್ಲಾಗುವುದು ಇಲ್ಲಿ ಹೊಸ ಪದ್ಧತಿಯಲ್ಲ. ಆದರೆ ಇದು ದಾನಿಯ ಇಚ್ಛೆ. ೧೯೯೮ರ ಶುಲ್ಕವಾದರೋ ವಿಧಿ. ಇಚ್ಛೆಯಿಂದ ಬರುವ ಹಣ ಶಾಲೆಯ ಪ್ರಯೋಗಶಾಲೆಗಿಂತ ಮುಂಚೆ ಗೋಪುರಕ್ಕೆ ಹೋದರೆ ತಪ್ಪೆನ್ನಲು ಯಾರಿಗೂ ಹಕ್ಕಿಲ್ಲ.

ಪದವಿಯೇ ಕುಶಲತೆಯೆಂಬ ಅರ್ಥಕ್ಕೆ ಇನ್ನೊಂದು ಪ್ರತಿವಾದ ನಮ್ಮಲ್ಲಿಯೇ ಇತ್ತೆಂಬುದನ್ನು ಮರೆಯಬಾರದು. ೧೯೮೨ರಲ್ಲಿ ಉಜಿರೆಯಲ್ಲಿ ಶ್ರೀ ಧರ್ಮಸ್ಥಳದ ಶಿಕ್ಷಣ ಟ್ರಸ್ಟು, ಸಿಂಡಿಕೇಟ್ ಬ್ಯಾಂಕು, ಕೆನರಾ ಬ್ಯಾಂಕು ಒಟ್ಟುಗೂಡಿ ಗ್ರಾಮೀಣ ಯುವಕರಿಗೆ ಸ್ವಂತ ಉದ್ಯೋಗದ ತರಬೇತಿ ಕೊಡುವ ‘ರುಡ್‌ಸೆಟಿ’ಯನ್ನು ಸ್ಥಾಪಿಸಿದುವು. ಇಲ್ಲಿ ವಿದ್ಯೆಯ ಖರ್ಚು ಕಲಿಯುವವನದಲ್ಲ, ಸಂಸ್ಥೆಯದು. ಗುರಿ ವೀಸಾ ಅಲ್ಲ, ಊರಿನಲ್ಲಿಯೇ ಒಂದು ಅಂಗಡಿ ಅಥವಾ ಕಾರ್ಯಾಗಾರ. ಕೇಂದ್ರಸರಕಾರ ಈ ಮಾದರಿಯನ್ನೇ ಮುಂದೆ ಜಿಲ್ಲೆಗೊಂದರಂತೆ ದೇಶದಲ್ಲೆಲ್ಲ ಹಬ್ಬಿಸಿತು. ತಾಂತ್ರಿಕ ವಿದ್ಯೆಯ ಇತಿಹಾಸ ಬರೆಯುವವರು ಇಂಜಿನಿಯರಿಂಗ್ ಕಾಲೇಜುಗಳ ಪಟ್ಟಿಯಲ್ಲಿ ಇದಕ್ಕೆ ಒಂದು ಸಾಲನ್ನೂ ಕೊಡುವುದಿಲ್ಲ. ಪದವಿಯ ಮೋಹ ಬರೆಯುವವರಲ್ಲಿಯೂ ಉಂಟು.

ಈಚೆಗೆ ಜರ್ಮನಿಯ ಕಾಯಿದೆ ಮತ್ತೊಂದು ದಿಕ್ಕಿಗೆ ತಿರುಗಿದೆ. ೨೦೨೦ರ ಮಾರ್ಚಿನಲ್ಲಿ ಜಾರಿಗೆ ಬಂದ ಅಲ್ಲಿನ ಕುಶಲರ ವಲಸೆ ಕಾಯಿದೆ ಪದವೀಧರನೊಡನೆ ಕಸುಬಿನ ತರಬೇತಿ ಪಡೆದವನಿಗೂ ಬಾಗಿಲು ತೆರೆಯಿತು; ೨೦೨೩ರ ತಿದ್ದುಪಡಿಯಿಂದ, ಸ್ವದೇಶದಲ್ಲಿ ಮಾನ್ಯತೆಯಿರುವ ತರಬೇತಿಯನ್ನೂ ಎರಡು ವರ್ಷಗಳ ಅನುಭವವನ್ನೂ ಗಣಿಸುವ ದಾರಿಯಾಯಿತು. ೨೦೨೨ರ ಡಿಸೆಂಬರಿನಲ್ಲಿ ಭಾರತವೂ ಜರ್ಮನಿಯೂ ವಲಸೆಯ ಒಪ್ಪಂದವೊಂದಕ್ಕೆ ಸಹಿ ಹಾಕಿದುವು. ೨೦೨೪ರಲ್ಲಿ ಭಾರತದ ಕುಶಲರಿಗೆ ವರ್ಷಕ್ಕೆ ಕೊಡುವ ವೀಸಾಗಳನ್ನು ೨೦,೦೦೦ದಿಂದ ೯೦,೦೦೦ಕ್ಕೆ ಏರಿಸುವುದಾಗಿ ಆ ದೇಶ ಸಾರಿತು. ಐ.ಟಿ.ಐ.ಯಲ್ಲಿ ಎರಡು ವರ್ಷ ಫಿಟ್ಟರ್ ಅಥವಾ ಎಲೆಕ್ಟ್ರಿಶಿಯನ್ ಕೆಲಸ ಕಲಿತ ಹುಡುಗನ ಮಟ್ಟಿಗೆ ಇದು ಹೊಸ ಮಾತು. ಪ್ಲೆಬ್‌ಸ್ಟ್ ಹೊರಟುಬಂದ ದಾರಿಯಲ್ಲಿ ನೂರೈವತ್ತು ವರ್ಷಗಳ ಮೇಲೆ ನಮ್ಮವರು ಎದುರುಮುಖವಾಗಿ ಹೋಗಬಹುದು. ಆದರೆ ವಿದ್ಯೆಯ ಖರ್ಚಿನ ವಿಷಯ ಅಲ್ಲಿಯೂ ಇತ್ಯರ್ಥವಾಗಿಲ್ಲ: ಭಾಷೆ ಕಲಿಯುವ ಶುಲ್ಕ, ಪ್ರಮಾಣಪತ್ರಗಳ ಮಾನ್ಯತೆಯ ಖರ್ಚು ಹೊರಡುವವನ ಮೇಲೆಯೇ ಬೀಳುವುದು ಸಾಮಾನ್ಯ.

ನಮ್ಮ ೧೯೮೩ರ ಕಾಯಿದೆಯ ಸ್ಥಾನದಲ್ಲಿ ಹೊಸದನ್ನು ತರಲು ಕೇಂದ್ರಸರಕಾರ ೨೦೨೧ರಲ್ಲಿ ಒಂದು ಕರಡನ್ನೂ ೨೦೨೫ರಲ್ಲಿ ಇನ್ನೊಂದನ್ನೂ ಸಾರ್ವಜನಿಕರ ಅಭಿಪ್ರಾಯಕ್ಕೆ ಹೊರಡಿಸಿತು. ಇಂಥ ಕರಡುಗಳನ್ನು ಅಧ್ಯಾಪಕರು ತರಗತಿಯಲ್ಲಿ ಓದಿಸಬೇಕು. ಅರ್ಥನಿರೂಪಣೆಯ ಪ್ರಕರಣದಲ್ಲಿ ಯಾರು ಕುಶಲರು, ಹಣಕಾಸಿನ ಪ್ರಕರಣದಲ್ಲಿ ಯಾರಿಂದ ಪಡೆದು ಯಾರಿಗೆ, ಈ ಎರಡನ್ನು ಹುಡುಕಿ ಗೆರೆ ಎಳೆಯುವ ಅಭ್ಯಾಸವಾದರೆ ಉಳಿದುದನ್ನು ವಿದ್ಯಾರ್ಥಿಗಳೇ ಕೇಳಿಕೊಳ್ಳುತ್ತಾರೆ. ಹೊರದೇಶದ ಮಾಲಿಕನಿಂದ ನೇಮಕದ ಶುಲ್ಕವನ್ನು ಪಡೆದು, ಹೋದವನ ತಾಲ್ಲೂಕಿನ ಐ.ಟಿ.ಐ. ಪಾಲಿಟೆಕ್ನಿಕ್‌ಗಳಿಗೆ ಗೊತ್ತಾದ ಪಾಲನ್ನು ಕೊಡುವ ವಿಧಿಯೊಂದು ನಮ್ಮ ಕಾಯಿದೆಯಲ್ಲಿ ಬರಬಾರದೇಕೆ ಎಂಬುದು ಅವುಗಳಲ್ಲೊಂದು. ೧೯೯೮ರ ಕಾಯಿದೆಯಿಂದ ನಾವು ಎರವಲು ತರಬಹುದಾದುದು ಆ ಖಾತೆಯ ಕಲ್ಪನೆಯನ್ನೇ.

ಅದಕ್ಕೆ ಬೇಕಾದ ಆಧಾರಸಾಮಗ್ರಿಯನ್ನು ಕೂಡಿಸುವ ಕೆಲಸ ನಮ್ಮ ಇತಿಹಾಸ ವಿಭಾಗಗಳಿಂದಲೇ ಆಗಬೇಕಾಗಿದೆ. ಉಪನೋಂದಣಿ ಕಚೇರಿಗಳಲ್ಲಿ ಅಡವುಪತ್ರಗಳಿವೆ, ಸಹಕಾರಿ ಸಂಘಗಳಲ್ಲಿ ಸಾಲದ ಪುಸ್ತಕಗಳಿವೆ. ಪ್ರತಿಯೊಂದು ಹಿಡುವಳಿಯ ಪಹಣಿಯಲ್ಲಿಯೂ ಋಣವನ್ನು ದಾಖಲಿಸುವ ಅಂಕಣವಿದೆ. ಆ ಅಂಕಣದಲ್ಲಿ ಬ್ಯಾಂಕಿನ ಹೆಸರಿರುತ್ತದೆ, ಮೊತ್ತವಿರುತ್ತದೆ; ಸಾಲ ಯಾವ ಮಗನ ಅಥವಾ ಮಗಳ ಯಾವ ಪದವಿಗಾಗಿ ಹೋಯಿತೆಂಬುದು ಇರುವುದಿಲ್ಲ. ಅದನ್ನು ಮನೆಮನೆಗೆ ಹೋಗಿ, ಜಗಲಿಯಲ್ಲಿ ಕುಳಿತು, ಕೇಳಿ ಬರೆದುಕೊಳ್ಳಬೇಕು.